ತಪ್ಪುಕಾಣಿಕೆ ಬೇಡವೆಂದವರ ಹೆಂಚು

ಪೊಳಲಿಯ ಆಸುಪಾಸಿನಲ್ಲಿ ಹಳೆಯ ಮನೆ ಕೆಡವುವಾಗ ಒಂದು ಹೆಂಚು ಮಗುಚಿ ನೋಡಿದರೆ ಬಾಸೆಲ್ ಮಿಷನ್ನಿನ ಅಚ್ಚು ಕಾಣಿಸುವುದು ದೊಡ್ಡ ವಿಶೇಷವೇನಲ್ಲ. ಮಂಗಳೂರು ಹೆಂಚಿನ ಕಥೆ, ಖಾಕಿ ಬಟ್ಟೆಯ ಕಥೆ, ಕಿಟ್ಟೆಲ್ ಪದಕೋಶದ ಕಥೆ ಪತ್ರಿಕೆಗಳ ಪುರವಣಿಗಳಲ್ಲಿ ಎಷ್ಟೋ ಸಲ ಬಂದಿವೆ. ಇನ್ನೂ ಬರಲಿ. ನನ್ನ ತಕರಾರು ಬೇರೆ. ಹೆಂಚು ಸುಡಲೆಂದು ಯಾರೂ ಬಾಸೆಲ್ಲಿನಿಂದ ಹೊರಟು ಬರಲಿಲ್ಲ. ಮನುಷ್ಯ ತನ್ನ ಕೆಲಸದ ಬಲದಿಂದ ದೇವರ ಎದುರು ನೀತಿವಂತನಾಗಲಾರ, ನಂಬಿಕೆಯೊಂದೇ ದಾರಿ ಎಂದು ಹೇಳಲು ಅವರು ಬಂದರು. ನಾವು ಆ ಮಾತನ್ನು ಬಿಟ್ಟು ಅವರ ಕೆಲಸಗಳನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಆ ಮಾತಿಗಾಗಿಯೇ ಕೆಥೊಲಿಕ್ ಚರ್ಚಿನೊಡನೆ ಜಗಳ ತೆಗೆದ ಲೂಥರ್ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಮಾತು ಬಂದು ಬಿದ್ದ ನೆಲ ಯಾವುದೆಂದು ಮೊದಲು ನೋಡಬೇಕು. ಮೀನ ಸಂಕ್ರಮಣಕ್ಕೆ ಪೊಳಲಿಯಲ್ಲಿ ಜಾತ್ರೆ ಸುರುವಾದರೆ ಸುಮಾರು ಒಂದು ತಿಂಗಳು ಎಳೆಯುತ್ತದೆ. ಕೊನೆಗೆ ಐದು ದಿನದ ಚೆಂಡು. ಮಣ್ಣಿನ ಮೂರ್ತಿಯಾಗಿ ಕೂತ ರಾಜರಾಜೇಶ್ವರಿಗೆ ವರ್ಷದ ಹರಕೆಗಳೆಲ್ಲ ಆಗ ಸಂದಾಯವಾಗುತ್ತವೆ. ಮನೆಯ ದೈವಕ್ಕೆ ತಂಬಿಲ, ಅಗೆಲು, ಕೈಲಾದರೆ ಕೋಲ. ಹಟ್ಟಿಯಲ್ಲಿ ದನ ಸತ್ತಿತು, ಮಗುವಿನ ಜ್ವರ ಇಳಿಯಲಿಲ್ಲ ಎಂದಾದರೆ ಪ್ರಶ್ನೆ ಇಡಿಸಿ, ಎಲ್ಲಿ ತಪ್ಪಿತೆಂದು ತಿಳಿದು, ತಪ್ಪುಕಾಣಿಕೆ ಹಾಕಿ ಕೈಮುಗಿಯುವುದು. ಇದನ್ನೆಲ್ಲ ಮಿಷನರಿಗಳು ಪಿಶಾಚಿಗಳ ಭಯ ಎಂದು ಬರೆದರು. ಅದು ಅರ್ಧ ಸತ್ಯವೂ ಅಲ್ಲ. ಕೋಲದ ಕೊನೆಗೆ ದೈವ ಯಜಮಾನನನ್ನು ಹತ್ತಿರ ಕರೆದು ಅಭಯ ನುಡಿಯುವಾಗ ಆ ಮುಖದ ಮೇಲೆ ಇಳಿಯುವ ನಿರಾಳವನ್ನು ಕಂಡವರಿಗೆ, ಅಲ್ಲಿರುವುದು ಬರೀ ಹೆದರಿಕೆಯಲ್ಲವೆಂದು ಗೊತ್ತು. ಆದರೆ ಆ ಅಭಯಕ್ಕೆ ಅವಧಿಯಿದೆ ಎಂಬುದೂ ನಿಜ. ಮುಂದಿನ ವರ್ಷ ಮತ್ತೆ ಕೊಡಬೇಕು, ಮತ್ತೆ ಕೇಳಬೇಕು.

ಅಲ್ಲಿಂದ ಉತ್ತರಕ್ಕೆ ಮೂಡುಬಿದಿರೆಗೆ ಹೋದರೆ ಲೆಕ್ಕವೇ ಬದಲಾಗುತ್ತದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಒಳಗೆ ಕೂತ ತೀರ್ಥಂಕರ ಯಾರ ಕಾಣಿಕೆಗೂ ಒಲಿಯುವವನಲ್ಲ, ಮುನಿಯುವವನೂ ಅಲ್ಲ. ನಿನ್ನ ಕರ್ಮವನ್ನು ನೀನೇ ಸುಡಬೇಕು. ಅವನು ದಾರಿ ತೋರಿಸಿದವನೇ ಹೊರತು ಹೊರೆ ಹೊರುವವನಲ್ಲ. ಅದೇ ಊರಿನ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವ ಬರೆದ. ಅವನು ಮುನಿದು ವೀರಶೈವನಾಗಿ, ಮತ್ತೆ ಜೈನನಾದನೆಂದು ಐತಿಹ್ಯ ಹೇಳುತ್ತದೆ. ಮತಾಂತರವೆಂದರೆ ಬಿಳಿಯರು ತಂದ ಹೊಸ ಜಗಳ ಎನ್ನುವವರು ಈ ಕಥೆಯನ್ನು ಒಮ್ಮೆ ನೆನೆಯಬಹುದು.

ಕ್ರೈಸ್ತರೂ ಇಲ್ಲಿಗೆ ಹೊಸಬರಲ್ಲ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಚರ್ಚು 1526ರಷ್ಟು ಹಿಂದಿನದೆಂದು ಹೇಳುತ್ತಾರೆ. 1784ರಲ್ಲಿ ಟಿಪ್ಪು ಕರಾವಳಿಯ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಹೊಡೆದುಕೊಂಡು ಹೋದ. ಉಳಿದವರು 1799ರ ನಂತರ ಮರಳಿದರು. ತುಳುವರ ಬಾಯಲ್ಲಿ ಅವರು ಪೊರ್ಬುಲು. ಕೊಂಕಣಿ ಮಾತು, ಪೂಜೆ, ಸಂತರು, ಮೊಂತಿ ಹಬ್ಬದ ತೆನೆ. ಅವರು ತುಳುವರಿಗೆ ಬೋಧಿಸುತ್ತ ಊರೂರು ಅಲೆದವರಲ್ಲ. ಅಲೆದವರು ಆಮೇಲೆ ಬಂದರು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ತಿಂಗಳ ಕೊನೆಗೆ ಮಂಗಳೂರು ಸೇರಿದರು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ಪಯಟಿಸ್ಟರು. ಚರ್ಚಿಗೆ ಹೋದರೆ ಸಾಲದು, ಸಿದ್ಧಾಂತ ಬಾಯಿಪಾಠವಾದರೆ ಸಾಲದು, ತನ್ನ ಪಾಪ ತನಗೆ ಕುಟುಕಿ, ಕ್ರಿಸ್ತನ ಮೇಲೆ ಭಾರ ಹಾಕಿ, ದೇವರ ಜೊತೆ ಸಮಾಧಾನ ಆಯಿತೆಂದು ಒಳಗೇ ಗೊತ್ತಾಗಬೇಕು ಎನ್ನುವವರು. ಪೌಲನು ರೋಮಿನವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಅವರಿಗೆ ಉಸಿರು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ನಿನ್ನ ತಪ್ಪುಕಾಣಿಕೆಯನ್ನು ಶಿಲುಬೆಯ ಮೇಲೆ ಇನ್ನೊಬ್ಬ ಒಂದೇ ಸಲಕ್ಕೆ ಕಟ್ಟಿಬಿಟ್ಟಿದ್ದಾನೆ, ನೀನು ಮತ್ತೆ ಹಾಕಬೇಕಿಲ್ಲ, ನಂಬು, ಅಷ್ಟೇ. ಪೊಳಲಿಯ ಭಕ್ತನಿಗೂ ಮೂಡುಬಿದಿರೆಯ ಶ್ರಾವಕನಿಗೂ ಇದು ಒಂದೇ ಬಗೆಯಲ್ಲಿ ವಿಚಿತ್ರವಾಗಿ ಕೇಳಿಸಿರಬೇಕು. ಒಬ್ಬನಿಗೆ ಕೊಡದೆ ಪಡೆಯುವುದು ಮರ್ಯಾದೆಯಲ್ಲ. ಇನ್ನೊಬ್ಬನಿಗೆ ಬೇರೆಯವನ ಸಾವಿನಿಂದ ತನ್ನ ಕರ್ಮ ಕಳೆಯುವುದು ನ್ಯಾಯವಲ್ಲ.

ಮೊದಲ ಹತ್ತು ವರ್ಷದಲ್ಲಿ ಕೇಳಿದವರು ಕಡಿಮೆ, ಒಪ್ಪಿದವರು ಇನ್ನೂ ಕಡಿಮೆ. ಆ ವರ್ಷಗಳನ್ನು ದಾಟಿ ನಾನು ನೇರ 1844ರ ಜನವರಿ 6ಕ್ಕೆ ಬರುತ್ತೇನೆ. ಈ ಲೇಖನ ಹುಟ್ಟಿದ್ದೇ ಆ ದಿನದ ಸಲುವಾಗಿ.

ಆನಂದರಾವ್ ಕೌಂಡಿಣ್ಯ, 1825ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವ. ಮೇಷ್ಟ್ರು ಹೆರ್ಮನ್ ಮೊಗ್ಲಿಂಗ್. ಹಿಂದಿನ ವರ್ಷ, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ತೆಗೆದು ಕನ್ನಡದ ಮೊದಲ ಪತ್ರಿಕೆಯ ಸಂಪಾದಕನಾದ ಅದೇ ಮೊಗ್ಲಿಂಗ್. ಆ ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಹಾರ ಹಾಕಿ, ಭಾಷಣ ಬಿಗಿದು ಆಚರಿಸುತ್ತೇವೆ. ಆರು ತಿಂಗಳ ನಂತರ ಅದೇ ಮನುಷ್ಯ ಇಪ್ಪತ್ತು ತುಂಬದ ತನ್ನ ಶಿಷ್ಯನಿಗೆ ದೀಕ್ಷಾಸ್ನಾನ ಕೊಡಿಸಿದ ದಿನವನ್ನು ಯಾವ ಭಾಷಣಕಾರನೂ ಎತ್ತುವುದಿಲ್ಲ. ಮೊಗ್ಲಿಂಗನನ್ನು ಕೇಳಿದ್ದರೆ ಯಾವುದು ದೊಡ್ಡದೆನ್ನುತ್ತಿದ್ದನೆಂದು ಊಹಿಸಲು ಕಷ್ಟವಿಲ್ಲ.

ಊರಲ್ಲಿ ದೊಡ್ಡ ಗದ್ದಲವಾಯಿತು. ಅಲ್ಲಿಯವರೆಗೆ ಮಿಷನ್ನಿಗೆ ಸೇರಿದವರು ಮೀನುಗಾರರು, ಬಿಲ್ಲವರು, ನೆಲವಿಲ್ಲದವರು. ಅವರ ಬಗ್ಗೆ ಮೇಲಿನವರು ತಲೆ ಕೆಡಿಸಿಕೊಂಡಿರಲಿಲ್ಲ. ಸಾರಸ್ವತರ ಹುಡುಗ ಹೋದ ಎಂದಾಗ ಮಾತ್ರ ಬೆಂಕಿ ಬಿತ್ತು. ಮಕ್ಕಳನ್ನು ಮಿಷನ್ ಶಾಲೆಗೆ ಕಳಿಸಲು ಮನೆಗಳು ಹಿಂಜರಿದವು. ಅಕ್ಕಿಗೆ, ಕೆಲಸಕ್ಕೆ ಜಾತಿ ಬಿಟ್ಟರು ಎಂಬ ಸಿದ್ಧ ಆಪಾದನೆ ಈ ಹುಡುಗನಿಗೆ ಅಂಟುವಂತಿರಲಿಲ್ಲ. ಅವನಿಗೆ ಮನೆಯಿತ್ತು, ಕುಲವಿತ್ತು, ಇಂಗ್ಲಿಷ್ ಬರುತ್ತಿದ್ದುದರಿಂದ ಸರ್ಕಾರಿ ಕಚೇರಿಯ ದಾರಿಯೂ ತೆರೆದಿತ್ತು. ಗಳಿಸಲು ಏನೂ ಇರಲಿಲ್ಲ, ಕಳೆದುಕೊಳ್ಳಲು ಎಲ್ಲವೂ ಇತ್ತು.

ಕಳೆದುಕೊಂಡದ್ದರಲ್ಲಿ ಹೆಂಡತಿಯೂ ಸೇರಿದಳು. ಲಕ್ಷ್ಮಿ ಗಂಡನ ಹಿಂದೆ ಹೋಗಲೊಪ್ಪಲಿಲ್ಲ. ಕೌಂಡಿಣ್ಯರ ಕಥೆ ಹೇಳುವವರು ಇಲ್ಲಿ ಒಂದು ವಾಕ್ಯ ಬರೆದು ಮುಂದಕ್ಕೆ ಜಿಗಿಯುತ್ತಾರೆ. ನನಗೆ ಜಿಗಿಯಲು ಮನಸ್ಸಿಲ್ಲ. ದೇವರ ಜೊತೆ ಸಮಾಧಾನ ಮಾಡಿಕೊಂಡ ಗಂಡನಿಗೆ ಹೊಸ ಹೆಸರು, ಹೊಸ ಬಂಧುಗಳು, ಮುಂದೆ ಹೊಸ ದೇಶ ಸಿಕ್ಕಿತು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ, ಗಂಡನಿದ್ದೂ ಇಲ್ಲದ ಎಳೆಯ ಹೆಂಗಸಿಗೆ ಸಿಕ್ಕಿದ್ದೇನು? ಅವಳೂ ತನ್ನ ನಂಬಿಕೆಗೆ ನಿಂತವಳೇ. ನಂಬಿಕೆಗಾಗಿ ಎಲ್ಲ ಬಿಟ್ಟವರನ್ನು ಮಿಷನ್ನಿನವರು ಹೊಗಳುವ ಅಳತೆಯಲ್ಲೇ ಅಳೆದರೆ ಲಕ್ಷ್ಮಿ ಕಡಿಮೆ ತೂಗುವುದಿಲ್ಲ.

1846ರಲ್ಲಿ ಮೊಗ್ಲಿಂಗ್ ಊರಿಗೆ ಹೊರಟಾಗ ಕೌಂಡಿಣ್ಯರನ್ನು ಜೊತೆಗೆ ಕರೆದೊಯ್ದ. ಬಾಸೆಲ್ಲಿನ ಸೆಮಿನರಿಯಲ್ಲಿ ಓದಿದ ಮೊದಲ ಭಾರತೀಯ ನಮ್ಮ ಮಂಗಳೂರಿನವ. 1851ರಲ್ಲಿ ಪಾದ್ರಿಯಾಗಿ ಮರಳಿದ ಹೆರ್ಮನ್ ಆನಂದರಾವ್ ಕೌಂಡಿಣ್ಯ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು. 1853ರಲ್ಲಿ ಕೊಡಗಿನ ಆಲಮಂಡ ಸೋಮಯ್ಯ ಎಂಬಾತ ದೀಕ್ಷೆ ಕೇಳಿಕೊಂಡು ಬಂದ ಮೇಲೆ ಮೊಗ್ಲಿಂಗ್ ಕೊಡಗಿಗೆ ಹೋದ. ಕೌಂಡಿಣ್ಯರೂ ಅಲ್ಲಿ ಆನಂದಪುರವೆಂಬ ಊರು ಕಟ್ಟಿ, ಜೀತದ ಹೊಲೆಯರನ್ನು ಸೇರಿಸಿ ಕಾಫಿ ತೋಟದ ನೆರಳಲ್ಲಿ ಸಭೆ ನಡೆಸಿದರು. 1860ರಲ್ಲಿ ಜರ್ಮನಿಯ ಮಾರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು. ಸಾರಸ್ವತ ಬ್ರಾಹ್ಮಣನೊಬ್ಬ ಹೊಲೆಯರ ಜೊತೆ ಒಂದೇ ರೊಟ್ಟಿ ಮುರಿದು ಒಂದೇ ಬಟ್ಟಲಿಗೆ ಬಾಯಿಟ್ಟದ್ದು, ಅದೂ ದಲಿತರಿಗಾಗಿ ದುಡಿದ ಕುದ್ಮುಲ್ ರಂಗರಾಯರಿಗಿಂತ ಮೂರು ನಾಲ್ಕು ದಶಕ ಮೊದಲು, ನಮ್ಮ ಸಮಾಜ ಸುಧಾರಣೆಯ ಪಠ್ಯದಲ್ಲಿ ಯಾಕಿಲ್ಲ ಎಂದು ಕೇಳಿದರೆ ತಪ್ಪೇ? ಯಾರೂ ಕೆಲಸದಿಂದ ಮೇಲಾಗುವುದಿಲ್ಲ ಎಂದರೆ ಯಾರೂ ಹುಟ್ಟಿನಿಂದಲೂ ಮೇಲಾಗುವುದಿಲ್ಲ. ಆ ಸಿದ್ಧಾಂತವನ್ನು ಅದರ ತುದಿಯವರೆಗೆ ನಡೆದು ನೋಡಿದವರು ಈ ಒಬ್ಬರು.

ಇತ್ತ ಗ್ರೈನರ್ ತುಳು ಹಿಡಿದು ಕೂತಿದ್ದ. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಕಲ್ಲಚ್ಚಾಯಿತು. 1847ಕ್ಕೆ ಹೊಸ ಒಡಂಬಡಿಕೆ ಪೂರ್ತಿ ಬಂತು. ಅಚ್ಚಿಗೆ ಸಿಕ್ಕಿದ್ದು ಕನ್ನಡ ಲಿಪಿ. ತುಳುವಿಗೆ ಆ ಲಿಪಿ ನಿಂತೇ ಹೋಯಿತು. ಕನ್ನಡಕ್ಕೆ ಬನ್ಯನ್ನನ ಯಾತ್ರಿಕ ಬಂದ, ಬೆನ್ನ ಮೇಲಿನ ಗಂಟು ಶಿಲುಬೆಯ ಬುಡದಲ್ಲಿ ತಾನಾಗಿ ಕಳಚಿ ಬೀಳುವ ಆ ಪ್ರಸಿದ್ಧ ಯಾತ್ರಿಕ. ಗಾಸ್ನರನ ಚಿತ್ರಪುಸ್ತಕ ಹೃದಯದರ್ಪಣವಾಗಿ ಬಂತು: ಮನುಷ್ಯನ ಎದೆಗೂಡಿನಲ್ಲಿ ನವಿಲು, ಹೋತ, ಹಂದಿ, ಆಮೆ, ಹಾವು, ಹುಲಿ, ಕಪ್ಪೆ ಸಂಸಾರ ಹೂಡಿರುವ ಚಿತ್ರ, ಪುಟ ಮಗುಚಿದಂತೆ ಒಂದೊಂದೂ ಹೊರಗೆ ಓಡುತ್ತದೆ. ಅರಿಷಡ್ವರ್ಗ ಕೇಳಿ ಬೆಳೆದವರಿಗೆ ಇದು ತಟ್ಟನೆ ತಿಳಿಯುತ್ತದೆ. ಶತ್ರುಗಳು ಆರರ ಬದಲು ಏಳು, ಅಷ್ಟೇ. ಕಿಟ್ಟೆಲ್ 1862ರಲ್ಲಿ ಯೇಸುವಿನ ಬಾಳನ್ನು ಕನ್ನಡ ಛಂದಸ್ಸಿಗೆ ಇಳಿಸಿ ಕಥಾಮಾಲೆ ತಂದ. 1872ರ ಯಜ್ಞಸುಧಾನಿಧಿಯಲ್ಲಿ ವೇದದ ಯಜ್ಞಗಳನ್ನು ಹಿಡಿದು ಕ್ರಿಸ್ತನ ಬಲಿದಾನದ ಕಡೆಗೆ ದಾರಿ ತೋಡಿದ. ಒಪ್ಪಬಹುದು, ಬಿಡಬಹುದು, ಆದರೆ ಓದುಗನ ಮನೆಯಿಂದಲೇ ವಾದ ಸುರುಮಾಡುವ ಸಭ್ಯತೆ ಅದರಲ್ಲಿದೆ. ಎಲ್ಲ ಪುಸ್ತಿಕೆಗಳಿಗೂ ಆ ಸಭ್ಯತೆ ಇರಲಿಲ್ಲ. ಕೆಲವನ್ನು ಓದಿದರೆ ಇಂದಿಗೂ ಮೈ ಉರಿಯುತ್ತದೆ.

ಇನ್ನು ಹೆಂಚಿಗೆ ಬರಲೇಬೇಕು. ಬಿಲ್ಲವರು ಕ್ರೈಸ್ತರಾದಾಗ ಶೇಂದಿ ಇಳಿಸುವ ಕೆಲಸ ಬಿಡಬೇಕೆಂದು ಮಿಷನ್ ಕಟ್ಟುನಿಟ್ಟು ಮಾಡಿತು. ಧಣಿಯ ಮನೆಯ ಗೇಣಿ ಭೂಮಿಯೂ ಕೆಲವರಿಗೆ ತಪ್ಪಿತು. ನಂಬಿಕೆಯಿಂದ ಮೋಕ್ಷ ಸಿಕ್ಕೀತು, ಗಂಜಿ ಸಿಗುವುದಿಲ್ಲ. ನೇಯ್ಗೆ ಮೊದಲು ಬಂತು. 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮೊದಲಿಗೆ ಹನ್ನೆರಡು ಆಳು, ದಿನಕ್ಕೆ 560 ಹೆಂಚು. ನೇತ್ರಾವತಿ, ಫಲ್ಗುಣಿ ದಂಡೆಗಳ ಜೇಡಿಮಣ್ಣು. ಕೆಲಸಕ್ಕೆ ಮುಂಚೆ ಪ್ರಾರ್ಥನೆ, ಆಮೇಲೆ ಗಂಟೆ, ಕೂಲಿ ಲೆಕ್ಕ, ಶಿಸ್ತು. ಕೆಲಸ ಯಾರನ್ನೂ ರಕ್ಷಿಸದು ಎಂದು ಭಾನುವಾರ ಕೇಳಿದವನು ಸೋಮವಾರದಿಂದ ಶನಿವಾರದವರೆಗೆ ಕೆಲಸದಿಂದಲೇ ಅಳೆಯಲ್ಪಟ್ಟ. ಬೇರೆ ದಾರಿಯಿತ್ತೆಂದು ನನಗೆ ಅನಿಸುವುದಿಲ್ಲ. ಆದರೆ ಮಿಷನ್ನಿನ ಅರ್ಥ ಮಂಗಳೂರಿಗೆ ಬದಲಾದದ್ದು ಅಲ್ಲೇ.

1870ರ ಸುಮಾರಿಗೆ ಬಿಲ್ಲವರ ಮುಂದಾಳು ಅರಸಪ್ಪ ಸಾವಿರಾರು ಜನರೊಂದಿಗೆ ಹೊಸ ದಾರಿ ಹುಡುಕುತ್ತ ಬ್ರಹ್ಮಸಮಾಜದ ಕಡೆ ತಿರುಗಿದ. ಮಂಗಳೂರಿನಲ್ಲಿ ಸಮಾಜ ಹುಟ್ಟಿತು, ಸಾವಿರಾರು ಜನ ಮಾತ್ರ ಅದರಲ್ಲಿ ನಿಲ್ಲಲಿಲ್ಲ. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದಾಗ ಬಿಲ್ಲವರಿಗೆ ತಮ್ಮದೇ ಗುಡಿ ಸಿಕ್ಕಿತು. ಮರ್ಯಾದೆ ಹುಡುಕಿ ಮಿಷನ್ನಿನ ಮೆಟ್ಟಿಲು ಹತ್ತುವ ಅಗತ್ಯ ತಗ್ಗಿತು. ಎರಡು ವರ್ಷಕ್ಕೆ ಮೊದಲ ಮಹಾಯುದ್ಧ; ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಹೊರಗಟ್ಟಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಗಳು ಉಳಿದವು, ಇಂದು ದಕ್ಷಿಣ ಭಾರತ ಸಭೆಯೊಳಗೆ, ಕನ್ನಡ ತುಳು ಹಾಡುಗಳೊಂದಿಗೆ.

ಲೂಥರ್ ತೆಗೆದ ಆ ಮೂಲದ ಜಗಳಕ್ಕೂ ಒಂದು ಕೊನೆ ಬಂತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕೆಥೊಲಿಕರೂ ಒಂದೇ ಹೇಳಿಕೆಗೆ ಸಹಿ ಹಾಕಿದರು: ಮನುಷ್ಯ ನೀತಿವಂತನಾಗುವುದು ದೇವರ ಕೃಪೆಯಿಂದ, ಕ್ರಿಸ್ತನಲ್ಲಿ ನಂಬಿಕೆಯಿಂದ, ಒಳ್ಳೆಯ ಕೆಲಸ ಅದರ ಬೆಲೆಯಲ್ಲ, ಅದರ ಫಲ. ಬಂಟ್ವಾಳ, ಬೆಳ್ತಂಗಡಿ ಕಡೆಯ ಪೊರ್ಬುಲಿಗೂ ಬಲ್ಮಠದ ಪ್ರೊಟೆಸ್ಟೆಂಟರಿಗೂ ತಲೆಮಾರುಗಳಿಂದ ಇದ್ದ ಬೇಲಿಗೆ ಇದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಮದುವೆ ಮಾತುಕತೆಯಲ್ಲಿ ಅದು ಇನ್ನೂ ಎದ್ದು ನಿಲ್ಲುತ್ತದೆ.

ಹೆಂಚನ್ನು ಸಂಗ್ರಹಿಸುವವರು ಇದ್ದಾರೆ. ಹಳೆ ಹೆಂಚಿಗೆ ಈಗ ಹೋಮ್‌ಸ್ಟೇಗಳವರು ಒಳ್ಳೆ ಬೆಲೆ ಕೊಡುತ್ತಾರೆ. ಕಾಗದಕ್ಕೆ ಗಿರಾಕಿಗಳಿಲ್ಲ. ಮೂಲ್ಕಿ, ಉಡುಪಿ, ಕಾರ್ಕಳ, ಮೂಡುಬಿದಿರೆ, ಬಂಟ್ವಾಳದ ಹಳೆಯ ಮನೆಗಳಲ್ಲಿ, ಕ್ರೈಸ್ತರದ್ದೇ ಆಗಬೇಕೆಂದಿಲ್ಲ, ತುಳು ಗೀತಗಳ ಪುಸ್ತಕ, ಮಿಷನ್ ಪ್ರೆಸ್ಸಿನ ಪಠ್ಯ, ಹುಳ ತಿಂದ ಹೃದಯದರ್ಪಣ, ಅಜ್ಜಿಯ ಕೈಬರಹದ ಪ್ರಾರ್ಥನೆ ಇದ್ದರೆ ಗುಜರಿಗೆ ಹಾಕಬೇಡಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ಕಾಗದಪತ್ರಗಳ ಭಂಡಾರವಿದೆ. ಅಲ್ಲಿಗೆ ಕೊಡಿ, ಕೊಡುವ ಮುಂಚೆ ಒಮ್ಮೆ ಓದಿ.