ಮುನಿಸೋ, ಮನೋವ್ಯಾಧಿಯೋ?

ಗಂಗಾನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹದಿನಾರು ವರ್ಷದ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಸಂಜೆಯಾದರೆ ವೀಣೆ ಹಿಡಿದು ಕೂರುತ್ತಿದ್ದವಳು. ಈಗ ಒಂದು ತಿಂಗಳಿಂದ ವೀಣೆಯ ಮೇಲೆ ಧೂಳು ಕುಳಿತಿದೆ. ಬೆಳಗ್ಗೆ ಎಬ್ಬಿಸಿದರೆ ಸಿಡುಕು; ಊಟಕ್ಕೆ ಕುಳಿತರೆ ಎರಡೇ ತುತ್ತಿಗೆ ಸಾಕು. “ಏನಾಯಿತೇ ನಿನಗೆ?” ಎಂದು ತಾಯಿ ಕೇಳಿದರೆ, “ಏನೂ ಇಲ್ಲಮ್ಮ, ನನ್ನ ಪಾಡಿಗೆ ನನ್ನನ್ನು ಬಿಡು” ಎಂಬ ಉತ್ತರ. ತಂದೆಗೆ ಇದು ಸೋಮಾರಿತನ, ಅಜ್ಜಿಗೆ ದೃಷ್ಟಿದೋಷ, ನೆರೆಮನೆಯವರಿಗೆ ಮೊಬೈಲಿನ ಹುಚ್ಚು. ಎಲ್ಲರ ತೀರ್ಪೂ ಸಿದ್ಧವಾಗಿದೆ. ಹುಡುಗಿಯ ಅಳಲನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಈ ಮನೆ ಕಲ್ಪನೆಯದು. ಆದರೆ ಇಂತಹ ಮನೆಗಳು ಅಪರೂಪವಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದೊಳಗಿನವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿರುವುದು ಕಂಡುಬಂದಿತು.

ಹರೆಯದಲ್ಲಿ ಮುನಿಸು ಸಹಜವಲ್ಲವೆ ಎಂದು ವಾಚಕರು ಕೇಳಬಹುದು. ಸಹಜವೆ. ಆದರೆ ಮುನಿಸು ಬಂದಂತೆಯೇ ಹೋಗುತ್ತದೆ. ಗೆಳತಿ ಬಂದು ಕರೆದರೆ ಕರಗುತ್ತದೆ. ಖಿನ್ನತೆ ಹಾಗಲ್ಲ. ಅದು ಎರಡು ವಾರಗಳಿಗೂ ಮೀರಿ, ದಿನದ ಬಹುಭಾಗವನ್ನು ಆವರಿಸಿಕೊಂಡಿರುತ್ತದೆ. ಹಿಂದೆ ಪ್ರಿಯವಾಗಿದ್ದುದೆಲ್ಲ ರುಚಿಗೆಡುತ್ತದೆ. ನಿದ್ರೆ, ಹಸಿವುಗಳು ಏರುಪೇರಾಗುತ್ತವೆ. ಓದಿದ್ದು ತಲೆಗೆ ಹತ್ತುವುದಿಲ್ಲ. “ನಾನು ಯಾವುದಕ್ಕೂ ಬಾರದವಳು” ಎಂಬ ಭಾವ ಬೇರೂರುತ್ತದೆ. ದೊಡ್ಡವರಲ್ಲಿ ದುಃಖವಾಗಿ ತೋರುವ ಈ ರೋಗ ಮಕ್ಕಳಲ್ಲಿ ಅನೇಕ ವೇಳೆ ಸಿಡುಕಾಗಿ, ತಲೆನೋವು ಹೊಟ್ಟೆನೋವುಗಳಾಗಿ ಕಾಣಿಸಿಕೊಳ್ಳುವುದರಿಂದಲೇ ತಾಯ್ತಂದೆಗಳು ಮೋಸ ಹೋಗುತ್ತಾರೆ.

ಇನ್ನೊಂದು ವ್ಯಾಧಿಯಿದೆ, ಅದಕ್ಕೆ ಎರಡು ಮುಖ. ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಕೆಲವು ಕಾಲ ಖಿನ್ನತೆ, ಮತ್ತೆ ಕೆಲವು ಕಾಲ ಅದಕ್ಕೆ ತೀರ ವಿರುದ್ಧವಾದ ಉನ್ಮಾದ. ಆಗ ಹುಡುಗಿ ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲದೆ ಓಡಾಡುತ್ತಾಳೆ. ಮಾತಿಗೆ ಕಡಿವಾಣವಿಲ್ಲ, ಹಣಕ್ಕೆ ಲೆಕ್ಕವಿಲ್ಲ, ತನಗೆ ಸಾಧ್ಯವಾಗದುದೇ ಇಲ್ಲವೆಂಬ ಭ್ರಮೆ. “ಸದ್ಯ, ಮಗಳು ಮೊದಲಿನಂತಾದಳು” ಎಂದು ಮನೆಯವರು ನಿಟ್ಟುಸಿರು ಬಿಡುವ ಕಾಲವೂ ಇದೇ ಆಗಿರಬಹುದು!

ಈ ಭೇದವನ್ನು ಅರಿಯುವುದು ಬಹು ಮುಖ್ಯ. ಏಕೆಂದರೆ ಬೈಪೋಲಾರ್ ಇರುವವರಿಗೆ ಕೇವಲ ಖಿನ್ನತೆಯ ಗುಳಿಗೆಯನ್ನು ಕೊಟ್ಟರೆ ಉನ್ಮಾದ ಕೆರಳುವ ಸಂಭವವುಂಟು. ಆದುದರಿಂದ ಹಿಂದೆಂದಾದರೂ ಇಂತಹ ಅತಿಯುತ್ಸಾಹದ ದಿನಗಳಿದ್ದುವೆ, ವಂಶದಲ್ಲಿ ಯಾರಿಗಾದರೂ ಈ ಕಾಯಿಲೆಯಿತ್ತೆ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಮನೆತನದ ಮಾನವೆಂದು ಮುಚ್ಚಿಟ್ಟ ಒಂದು ಮಾತು ಮಗುವಿನ ಚಿಕಿತ್ಸೆಯನ್ನೇ ದಾರಿ ತಪ್ಪಿಸೀತು.

ಚಿಕಿತ್ಸೆ ಇದೆಯೆ? ಖಂಡಿತವಾಗಿ ಇದೆ. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಲಹೆಯೇ ಸಾಕಾಗಬಹುದು. ತೀವ್ರವಾದಾಗ ಫ್ಲೂಆಕ್ಸೆಟಿನ್‌ನಂತಹ ಔಷಧಿಯನ್ನು ಕೊಡುತ್ತಾರೆ. ಅದರ ಗುಣ ಕಾಣಲು ಕೆಲವು ವಾರಗಳು ಬೇಕು. ಮೊದಲ ವಾರಗಳಲ್ಲಿ ಮನೆಯವರು ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಬೈಪೋಲಾರ್‌ಗೆ ಲಿಥಿಯಂ ಹಳೆಯ ನಂಬುಗೆಯ ಮದ್ದು. ಉನ್ಮಾದಕ್ಕೆ ಅದರ ಉಪಯೋಗವನ್ನು 1949ರಲ್ಲಿ ಪ್ರಕಟಪಡಿಸಿದವರು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು. ಅದನ್ನು ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಲೇಬೇಕು. ಗುಣವಾಯಿತೆಂದು ಯಾವ ಔಷಧಿಯನ್ನೂ ತಾವಾಗಿಯೇ ನಿಲ್ಲಿಸಕೂಡದು.

“ಬದುಕುವುದೇ ಬೇಡವೆನಿಸುತ್ತಿದೆಯೆ, ಮಗು?” ಎಂದು ಕೇಳಲು ಹೆತ್ತವರ ನಾಲಗೆ ತೊದಲುತ್ತದೆ. ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗದೆ ಎಂಬ ಅಂಜಿಕೆ. ಈ ಅಂಜಿಕೆ ನಿರಾಧಾರವಾದುದು. ಮೃದುವಾಗಿ ಕೇಳಿದ ಪ್ರಶ್ನೆ ಮಗುವಿನ ಎದೆಯ ಭಾರವನ್ನು ಇಳಿಸುತ್ತದೆ. ಹೌದೆಂದರೆ ಒಬ್ಬಳನ್ನೇ ಬಿಡದೆ, ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಎಲ್ಲಿಗೆ ಹೋಗಬೇಕೆಂದು ತೋಚದವರು 14416 ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ರೂಪುಗೊಂಡ ಸಂಸ್ಥೆ ಅದು. “ಅಲ್ಲಿಗೆ ಹೋದರೆ ಜನ ಏನಂದಾರು? ನಾಳೆ ಮದುವೆಯ ಮಾತು ಬಂದರೆ?” ಎಂಬ ಶಂಕೆ ಇನ್ನೂ ಅನೇಕ ಮನೆಗಳ ಹೊಸಿಲು ದಾಟಿಲ್ಲ. ಜ್ವರ ಬಂದ ಮಗುವನ್ನು ಜನರ ಮಾತಿಗಂಜಿ ಮನೆಯಲ್ಲಿಯೇ ಇರಿಸಿಕೊಳ್ಳುವ ತಾಯಿ ಎಲ್ಲಿಯಾದರೂ ಉಂಟೆ?

ಗಂಗಾನಗರದ ಆ ಮನೆಗೆ ಮರಳೋಣ. ಇಂದು ರಾತ್ರಿ ಊಟವಾದ ಮೇಲೆ ತಂದೆ ಮಗಳ ಪಕ್ಕದಲ್ಲಿ ಕುಳಿತು, ಅಂಕಗಳ ಮಾತೆತ್ತದೆ, “ಏನು ನೋವಮ್ಮ ನಿನಗೆ?” ಎಂದು ಕೇಳಲಿ. ಉತ್ತರ ತಡವಾಗಿ ಬಂದೀತು, ಕಾಯುವ ತಾಳ್ಮೆಯಿರಲಿ. ವೀಣೆಯ ಧೂಳು ಒರೆಸಲು ಇನ್ನೂ ಹೊತ್ತು ಮೀರಿಲ್ಲ.