ಮಂಗನ ಕಾಯಿಲೆಯೂ ಭೂಪಟದ ಬರಿದು ಜಾಗವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವು ವಿದ್ಯಾಸ್ಥಾನವಾಗಿದ್ದುದಲ್ಲದೆ, ದೀನರಾದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ನೆಲೆಯೂ ಆಗಿದ್ದಿತೆಂದು 1162ರ ಶಾಸನದಿಂದ ತಿಳಿದುಬರುತ್ತದೆ. ಬಂದ ರೋಗಿಗೆ ಔಷಧವನ್ನೀಯುವುದು ಅಂದಿನ ಏರ್ಪಾಡು. ರೋಗವು ಮುಂದೆ ಎಲ್ಲಿ ತಲೆದೋರೀತೆಂದು ಮೊದಲೇ ಗಣಿಸಿ, ಅಲ್ಲಿಗೆ ರಕ್ಷಣೆಯನ್ನು ಒಯ್ಯುವುದು ಇಂದಿನ ಸಾರ್ವಜನಿಕ ಆರೋಗ್ಯಶಾಸ್ತ್ರದ ಗುರಿ. ಈ ಕಾರ್ಯದಲ್ಲಿ ಭೂಪಟವು ಎಷ್ಟರಮಟ್ಟಿಗೆ ಸಹಾಯಕ, ಅದರ ಮಿತಿ ಯಾವುದು ಎಂಬುದನ್ನು ನೆರೆಯ ಸೊರಬ ತಾಲ್ಲೂಕಿನ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗರಲ್ಲಿ ತೀವ್ರವಾದ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ಹೊಸ ವೈರಸ್ಸನ್ನು ಗುರುತಿಸಿದರು. ಕಾಡಿನ ಹೆಸರೇ ರೋಗದ ಹೆಸರಾಯಿತು. ಜನರಿಗೆ ಅದು ಮಂಗನ ಕಾಯಿಲೆ. ರೋಗವನ್ನು ದಾಟಿಸುವುದು ಉಣುಗು. ರೋಗದಿಂದ ಮಂಗವು ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಕಳಚಿ ಆ ನೆಲದಲ್ಲಿಯೇ ಉಳಿಯುತ್ತವೆ. ಸೌದೆಗೋ ಸೊಪ್ಪಿಗೋ ಅಲ್ಲಿಗೆ ಹೋದವರನ್ನು ಅವು ಕಚ್ಚುತ್ತವೆ. ಆದುದರಿಂದ ಸತ್ತ ಮಂಗದ ಸ್ಥಳವನ್ನು ಭೂಪಟದಲ್ಲಿ ಗುರುತಿಸುವುದೆಂದರೆ ಅಪಾಯದ ನೆಲೆಯನ್ನೇ ಗುರುತಿಸಿದಂತೆ. 1990ರಿಂದ ಹಲವು ವರ್ಷಗಳ ಕಾಲ ನಡೆದ ಲಸಿಕೆಯ ಕಾರ್ಯದಲ್ಲಿ ರೋಗ ಕಂಡ ಸ್ಥಳದಿಂದ 5 ಕಿಲೋಮೀಟರ್ ಸುತ್ತಳತೆಯ ಊರುಗಳನ್ನು ಆರಿಸಿಕೊಂಡುದು ಈ ತತ್ತ್ವದ ಮೇಲೆಯೇ.

1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯ ಕಾಲರಾ ಮರಣಗಳನ್ನು ವೈದ್ಯ ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿದಾಗ ಅವುಗಳಲ್ಲಿ ಬಹುಪಾಲು ಒಂದು ನೀರಿನ ಪಂಪಿನ ಸುತ್ತ ನೆರೆದಿದ್ದವು. ಅಲ್ಲಿ ರೋಗಮೂಲವು ಒಂದೇ, ಅದೂ ಸ್ಥಿರವಾದುದು. ಮಲೆನಾಡಿನಲ್ಲಿಯಾದರೋ ಮೂಲವು ಸ್ಥಳಾಂತರಗೊಳ್ಳುತ್ತದೆ. 1982ರಲ್ಲಿ ಬೆಳ್ತಂಗಡಿಯ ಕಡೆ, 2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿಯೂ ರೋಗವು ಕಂಡುಬಂದಿತು. ಕೇವಲ ಹಿಂದಿನ ಚುಕ್ಕೆಗಳನ್ನು ನೆಚ್ಚಿದವರಿಗೆ ಈ ನೆಲೆಗಳು ಅನಿರೀಕ್ಷಿತ.

ಈ ಕೊರತೆಯನ್ನು ತುಂಬಲು ಇಂದು ಭೌಗೋಳಿಕ ಮಾಹಿತಿ ವ್ಯವಸ್ಥೆಯು ನೆರವಾಗುತ್ತದೆ. ಕಾಡು, ತೋಟ, ದನಕರು, ಜನವಸತಿ ಇವುಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಪದರಪದರವಾಗಿ ಒಂದರ ಮೇಲೊಂದಿರಿಸಿ, ರೋಗ ಕಂಡ ಸ್ಥಳಗಳ ಸಮಾನ ಲಕ್ಷಣವೇನೆಂದು ಪರಿಶೀಲಿಸುವುದು ಅದರ ಕ್ರಮ. ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಇಂಥ ಅಧ್ಯಯನವೊಂದರಲ್ಲಿ, ತೇವಭರಿತ ನಿತ್ಯಹರಿದ್ವರ್ಣದ ಕಾಡೂ ತೋಟಗಳೂ ಬೆರೆತಿರುವ, ನಾಟಿ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಅಪಾಯವು ಅಧಿಕವೆಂದು ಕಂಡುಬಂದಿತು. ಇದುವರೆಗೆ ರೋಗ ಕಾಣದ, ಆದರೆ ಅದೇ ಲಕ್ಷಣಗಳುಳ್ಳ ಊರುಗಳಲ್ಲಿ ಬೇಸಗೆಗೆ ಮುನ್ನವೇ ಎಚ್ಚರಿಕೆ ವಹಿಸುವುದು ಇದರಿಂದ ಸಾಧ್ಯವಾಗುತ್ತದೆ.

ಆದರೆ ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಒಂದು ಎಚ್ಚರವು ಇಲ್ಲಿಯೂ ಅವಶ್ಯ. ಶಾಸನಗಳ ಭೂಪಟದಲ್ಲಿ ಒಂದು ಪ್ರದೇಶವು ಬರಿದಾಗಿದ್ದರೆ ಅಲ್ಲಿ ಜನರೇ ಇರಲಿಲ್ಲವೆಂದು ನಾವು ತೀರ್ಮಾನಿಸುವುದಿಲ್ಲ; ಕಲ್ಲು ಉಳಿಯದಿರಬಹುದು, ಓದುವವರು ಅತ್ತ ಹೋಗದಿರಬಹುದು. ರೋಗದ ಭೂಪಟಕ್ಕೂ ಈ ನ್ಯಾಯವೇ ಸಲ್ಲುತ್ತದೆ. ದಟ್ಟವಾದ ಕಾಡಿನಲ್ಲಿ ಸತ್ತ ಮಂಗವು ಯಾರ ಕಣ್ಣಿಗೂ ಬೀಳದಿರಬಹುದು. ಕಂಡವನು ಆರೋಗ್ಯ ಕೇಂದ್ರಕ್ಕೆ ತಿಳಿಸದಿರಬಹುದು. ಜ್ವರ ಬಂದವನ ರಕ್ತ ಪರೀಕ್ಷೆಯು ನಡೆಯದಿರಬಹುದು. ಆಗ ಭೂಪಟದ ಮೇಲೆ ಚುಕ್ಕೆಯು ಮೂಡುವುದಿಲ್ಲ. ಚುಕ್ಕೆಯಿಲ್ಲದ ಊರಿಗೆ ರಕ್ಷಣೆಯು ತಡವಾಗಿ ತಲುಪುವ ಸಂಭವವುಂಟು. ಆ ವಿಳಂಬಕ್ಕೆ ಪ್ರಾಣದ ಬೆಲೆ ತೆರಬೇಕಾದೀತು.

ಆದಕಾರಣ ಯೋಜನೆಯನ್ನು ರೂಪಿಸುವವರು ಚುಕ್ಕೆಗಳನ್ನು ಎಣಿಸಿದರಷ್ಟೇ ಸಾಲದು. ಪ್ರತಿಯೊಂದು ಬರಿದು ಜಾಗವನ್ನು ಕುರಿತು, ಇಲ್ಲಿ ರೋಗವಿಲ್ಲವೋ ಅಥವಾ ವರದಿಯಿಲ್ಲವೋ ಎಂದು ಪ್ರಶ್ನಿಸಬೇಕು. ಆ ಪ್ರಶ್ನೆಗೆ ಉತ್ತರವನ್ನು ಕಂಪ್ಯೂಟರಾಗಲಿ ಉಪಗ್ರಹವಾಗಲಿ ಪೂರ್ತಿಯಾಗಿ ಕೊಡಲಾರದು. ಕಾಡಿನಂಚಿನ ರೈತನೂ, ಅರಣ್ಯ ಕಾವಲುಗಾರನೂ, ಆಶಾ ಕಾರ್ಯಕರ್ತೆಯೂ ಕೊಡಬಲ್ಲರು. ಇವರ ಮಾತು ಭೂಪಟಕ್ಕೆ ಸೇರುವ ಮಾರ್ಗವು ಎಷ್ಟು ಸುಗಮವೋ ಆ ಭೂಪಟವು ಅಷ್ಟು ವಿಶ್ವಾಸಾರ್ಹ.