ಕಣದಲ್ಲಿ ದೇವರ ಪಾಲೆಷ್ಟು?

ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಕಲ್ಲೋಳಿಗೆ ಈಗ ಜನ ಹೋಗುವುದು ಹನುಮಪ್ಪನ ದರ್ಶನಕ್ಕೆ. ಅದೇ ಊರಿನ ಶಾಂತಿನಾಥ ಬಸದಿಗೆ ಸವದತ್ತಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ದತ್ತಿ ಬಿಟ್ಟ ಶಾಸನವಿದೆ. ಆ ಕಾಲದ ಕನ್ನಡ ಶಾಸನಗಳನ್ನು ಓದುತ್ತ ಹೋದರೆ ಒಂದು ರೂಢಿ ಕಾಣುತ್ತದೆ. ಅರಸ ಭೂಮಿ ಕೊಡುತ್ತಾನೆ, ಗಾಣಿಗ ನಂದಾದೀಪಕ್ಕೆ ಎಣ್ಣೆ ಅಳೆಯುತ್ತಾನೆ, ಸೆಟ್ಟಿ ಹೇರಿಗಿಷ್ಟು ಎಂದು ಎಲೆ ಅಡಿಕೆ ಎಣಿಸಿ ಕೊಡುತ್ತಾನೆ. ಪ್ರತಿಯೊಬ್ಬನೂ ಕೊಟ್ಟಿದ್ದು ತನ್ನ ಕಸುಬಿನ ಮಾಲನ್ನೇ.

ಇಂತಿಷ್ಟೇ ಎಂದು ಗೆರೆ ಎಳೆದವರು ಶಾಸ್ತ್ರಕಾರರು. ಒಕ್ಕಲಿಗ ರಾಜನಿಗೆ ಆರರಲ್ಲೊಂದು, ದೇವರಿಗೆ ಇಪ್ಪತ್ತೊಂದರಲ್ಲೊಂದು, ವಿಪ್ರರಿಗೆ ಮೂವತ್ತರಲ್ಲೊಂದು ಪಾಲು ಕೊಟ್ಟರೆ ಪಾಪಮುಕ್ತ ಎನ್ನುತ್ತದೆ ಪರಾಶರ ಸ್ಮೃತಿ. ನೇಗಿಲ ಕುಳ ಎರೆಹುಳವನ್ನು ಕೊಂದ ಪಾಪವನ್ನೂ ಈ ಲೆಕ್ಕದಲ್ಲೇ ತೀರಿಸಿಬಿಟ್ಟಿದ್ದಾರೆ! ಬೈಬಲ್ಲಿನಲ್ಲಿ ಅಬ್ರಹಾಮ ಮೆಲ್ಕಿಚೆದೆಕನಿಗೆ ಕೊಟ್ಟದ್ದು ಹತ್ತರಲ್ಲೊಂದು. ಮೋಶೆಯ ಕಾನೂನಿನಲ್ಲಿ ಅದೇ ಲೇವಿಯರ ಪಾಲಾಯಿತು. ಯುರೋಪಿನಲ್ಲಿ ಶತಮಾನಗಳ ಕಾಲ ಚರ್ಚು ಅದನ್ನು ಕಡ್ಡಾಯವಾಗಿ ವಸೂಲಿ ಮಾಡಿತು. ಕನ್ನಡ ಚರ್ಚುಗಳಲ್ಲಿ ಇವತ್ತಿಗೂ ‘ದಶಮಾಂಶ’ದ ಲಕೋಟೆ ಇದೆ, ಆದರೆ ಕೊಡುವುದು ಬಿಡುವುದು ಭಕ್ತರ ಮನಸ್ಸು.

ಇಸ್ಲಾಮಿನ ‘ಉಶ್ರ್’ ಲೆಕ್ಕ ನನಗೆ ಎಲ್ಲಕ್ಕಿಂತ ಒಕ್ಕಲುತನ ಬಲ್ಲದ್ದಾಗಿ ಕಾಣುತ್ತದೆ. ಮಳೆಯಿಂದ ಬೆಳೆದ ಬೆಳೆಗೆ ಹತ್ತರಲ್ಲೊಂದು. ಬಾವಿಯಿಂದ ಎತ್ತಿ ನೀರು ಹಾಯಿಸಿದ್ದರೆ ಇಪ್ಪತ್ತರಲ್ಲೊಂದು. ರೈತನ ಬೆವರಿಗೆ ಅರ್ಧ ರಿಯಾಯಿತಿ. ಆದಿಲಶಾಹಿ ಗುಮ್ಮಟಗಳ ಹುಕ್ಕೇರಿಯಲ್ಲಿ, ಒಂದು ಹೊಲ ಮಳೆಯಾಶ್ರಿತವೂ ಇನ್ನೊಂದು ಬಾವಿಯದೂ ಆಗಿರುವ ಕಡೆ, ಈ ವ್ಯತ್ಯಾಸದ ಬೆಲೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮರಾಠರು ಬಂದ ಮೇಲೆ ಹತ್ತರಲ್ಲೊಂದು ಎಂಬುದು ‘ಸರದೇಶಮುಖಿ’ ಎಂಬ ಕರವಾಗಿ ನಿಂತಿತು. ಅದರಲ್ಲಿ ದೇವರೂ ಇಲ್ಲ, ಧರ್ಮವೂ ಇಲ್ಲ.

ಇಷ್ಟರಲ್ಲೊಂದು ಪಾಲು ಎಂಬ ಲೆಕ್ಕವನ್ನೇ ಒಡೆದು ಹಾಕಿದವರು ಹನ್ನೆರಡನೇ ಶತಮಾನದ ಶರಣರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಅಲ್ಲೇ ಸುರಿದು ಬಾ ಎಂದಳು. ಹೆಚ್ಚಿನ ಗಳಿಕೆ, ಅದರಲ್ಲೊಂದು ಪಾಲು ಶಿವನಿಗೆ ಎಂಬ ವ್ಯವಹಾರ ಅವಳಿಗೆ ಒಪ್ಪಿಗೆಯಿರಲಿಲ್ಲ. ಕಾಯಕದಿಂದ ಬಂದದ್ದೇ ದಾಸೋಹಕ್ಕೆ ಸಲ್ಲಬೇಕು, ಎಷ್ಟು ಎಂದು ಕೇಳಬಾರದು.

ಗೋಕಾಕದ ಶೂನ್ಯ ಸಂಪಾದನ ಮಠ, ಮೂಡಲಗಿಯ ಶಿವಬೋಧರಂಗ ಮಠ, ಅರಭಾವಿ ಮತ್ತು ನಿಡಸೋಸಿಯ ದುರದುಂಡೀಶ್ವರ ಮಠ, ಹುಕ್ಕೇರಿಯ ಹಿರೇಮಠ. ದಾಸೋಹ ನಡೆಸುವ ಈ ಸೀಮೆಯ ಮಠಗಳ ಸಾಲು ದೊಡ್ಡದು. ಇಂಥ ಮಠಗಳ ಒಲೆ ಉರಿದದ್ದು ಜೋಳಿಗೆಯಿಂದ ಮತ್ತು ಕಣದಿಂದ. ಹಂತಿ ತುಳಿಸಿ, ಜೋಳ ತೂರಿ, ರಾಶಿ ಪೂಜೆ ಮುಗಿಸಿದ ಮೇಲೆಯೇ ಧಾನ್ಯ ಮನೆಗೆ. ಅದಕ್ಕೂ ಮೊದಲು ಬಡಿಗ, ಕಂಬಾರ, ಕುಂಬಾರ, ಹಡಪದವರಿಗೆ ಆಯ. ಅಯ್ಯನವರ ಜೋಳಿಗೆಗೆ ಭಿಕ್ಷೆ. ಕಣಕ್ಕೆ ಬಂದ ಬಡವನಿಗೆ ಒಂದು ಮೊರ. ರಾಶಿ ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು. ಯಾರು ಎಷ್ಟು ಬೆಳೆದರು, ಎಷ್ಟು ಕೊಟ್ಟರು ಎಂಬುದು ಊರಿಗೇ ಗೊತ್ತು. ಜಿಪುಣನಿಗೆ ಶೇಕಡಾವಾರು ಕಾನೂನಿಗಿಂತ ಆ ನೋಟವೇ ಸಾಕಾಗುತ್ತಿತ್ತು. ಆಯದಲ್ಲಿ ಜಾತಿಯ ಮೇಲು ಕೀಳು ಅಳತೆಗೋಲಾಗಿದ್ದನ್ನು ಮಾತ್ರ ಮರೆಯಬಾರದು. ಕಣದ ಅಂಚಿನಲ್ಲಿ ನಿಂತವರಿಗೆ ಸಿಕ್ಕಿದ್ದು ಕಸಗಾಳು.

ಕಾಲುವೆ ಬಂತು, ಕಬ್ಬು ಬಂತು. ಕಬ್ಬಿಗೆ ಕಣವಿಲ್ಲ. ಹೊಲದಿಂದ ಲಾರಿ ನೇರ ಸಂಕೇಶ್ವರದ ಹಿರಣ್ಯಕೇಶಿಗೋ ಇನ್ನೊಂದು ಕಾರ್ಖಾನೆಗೋ ಹೋಗುತ್ತದೆ, ಬಿಲ್ಲು ಬ್ಯಾಂಕಿಗೆ. ಕೊಡುವುದು ನಿಂತಿಲ್ಲ, ರೂಪ ಬದಲಾಯಿತು. ಜೋಳದ ಚೀಲದ ಜಾಗದಲ್ಲಿ ರಸೀದಿ ಪುಸ್ತಕ ಬಂತು, ನಂದಾದೀಪದ ಜಾಗದಲ್ಲಿ ಶಾಲೆ ಬಂತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆಗೆ ದೊಡ್ಡ ಕೈಯಿಂದ ಕೊಟ್ಟವರಲ್ಲಿ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಒಬ್ಬರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಅವರದೇ ಹೆಸರು.

ವಿಚಿತ್ರವೆಂದರೆ ಈಗ ಹತ್ತರಲ್ಲೊಂದನ್ನು ಕೇಳುತ್ತಿರುವುದು ಸರ್ಕಾರ, ಅದೂ ದೇವರ ಹತ್ತಿರವೇ. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯಡಿ ಹೆಚ್ಚು ಆದಾಯದ ದೇವಸ್ಥಾನಗಳು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಾಲು ಕೊಡಬೇಕು. ಆ ಪಾಲು ಎಷ್ಟಿರಬೇಕೆಂದು 2024ರಲ್ಲಿ ಶಾಸನಸಭೆಯಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಮಠಗಳು ಈ ಕಾಯ್ದೆಯ ಹೊರಗಿವೆ.

ಹೊರಗಿರಲಿ, ತಕರಾರಿಲ್ಲ. ಆದರೆ ಕಣದ ರಾಶಿ ಎಲ್ಲರಿಗೂ ಕಾಣುತ್ತಿತ್ತು, ಬ್ಯಾಂಕಿನ ಖಾತೆ ಕಾಣುವುದಿಲ್ಲ. ಮಠ, ಮಸೀದಿ, ಬಸದಿ, ಚರ್ಚುಗಳ ಹಿರಿಯರಲ್ಲಿ ಒಂದೇ ಬಿನ್ನಹ: ಜಾತ್ರೆ ಉರುಸು ಮುಗಿದ ವಾರದೊಳಗೆ ಜಮಾ ಖರ್ಚಿನ ಹಾಳೆಯನ್ನು ಬಾಗಿಲಿಗೆ ಅಂಟಿಸಿರಿ.